ಬಾರ್ಬೆರಿ ಕಾರ್ಪೆಟ್ ಪತಂಗ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡ್‌ನಲ್ಲಿ ಅಳಿವಿನ ಅಂಚಿಗೆ ಬಂದು ನಿಂತ ಸಣ್ಣ ಪತಂಗ ಇದು. ಇದರ ಹುಳು ತಿನ್ನುವುದು ಒಂದೇ ಒಂದು ಗಿಡದ ಎಲೆ, ಬಾರ್ಬೆರಿ. ಆ ಗಿಡವನ್ನು ಅಲ್ಲಿನ ರೈತರು ಹುಡುಕಿ ಹುಡುಕಿ ಕಿತ್ತರು. ಅವರು ಕಿತ್ತದ್ದಕ್ಕೆ ತಕ್ಕ ಕಾರಣವೂ ಇತ್ತು. ಹಾಗಾಗಿ ಈ ಪತಂಗದ ಬಗ್ಗೆ ಕೇಳಲು ಶುರು ಮಾಡಿದವರು ಸ್ವಲ್ಪ ಹೊತ್ತಿಗೇ ಗೋಧಿ ಹೊಲಕ್ಕೆ ಬಂದು ನಿಲ್ಲುತ್ತಾರೆ.

ನೋಡಲು ಹೇಗಿರುತ್ತದೆ?

ರೆಕ್ಕೆ ಬಿಚ್ಚಿದರೆ ಸುಮಾರು 3 ಸೆಂಟಿಮೀಟರ್ ಅಗಲ. ಬೂದು ಕಂದು ಬಣ್ಣ, ಮೇಲೆ ಕಡು ಕಂದು ಪಟ್ಟೆಗಳು. ಕಣ್ಣು ಸೆಳೆಯುವ ಅಂದವೇನಿಲ್ಲ. ಬ್ರಿಟನ್‌ನಲ್ಲಿ ಸುಮಾರು 2500 ಜಾತಿಯ ಪತಂಗಗಳಿವೆ. ಅವುಗಳ ನಡುವೆ ಇದನ್ನು ಗುರುತಿಸಲು ಪಳಗಿದ ಕಣ್ಣು ಬೇಕು. ವಿಜ್ಞಾನಿಗಳು ಇದನ್ನು ಪ್ಯಾರಿಯುಲೈಪ್ ಬರ್ಬೆರಾಟಾ ಎನ್ನುತ್ತಾರೆ. ಹುಳು ಕಂದು ಬಣ್ಣದ್ದು. ಬೆನ್ನನ್ನು ಬಿಲ್ಲಿನಂತೆ ಎತ್ತಿ ಗೇಣು ಹಾಕುತ್ತಾ ನಡೆಯುವ ಬಳಗಕ್ಕೆ ಸೇರಿದ್ದು. ಕದಲದೆ ಕೂತರೆ ಒಣಗಿದ ಕಡ್ಡಿ ಅಂದುಕೊಳ್ಳುತ್ತೀರಿ.

ಅದು ಬೇರೆ ಎಲೆ ತಿಂದು ಬದುಕಬಾರದಾ?

ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಬಿಟ್ಟು ಬೇರೆ ಸೊಪ್ಪು ಹಾಕಿದರೆ ಏನಾಗುತ್ತದೆ ಅಂತ ರೇಷ್ಮೆ ಸಾಕುವವರಿಗೆ ಗೊತ್ತು. ಇಲ್ಲೂ ಹಾಗೆಯೇ. ಇದನ್ನು ಹಟ ಅನ್ನುವ ಹಾಗಿಲ್ಲ, ಆ ಹುಳುವಿನ ದೇಹ ಇರುವುದೇ ಹಾಗೆ. ಬಾರ್ಬೆರಿಯಲ್ಲಿ ಬರ್ಬೆರಿನ್ ಎಂಬ ಕಹಿ ರಾಸಾಯನಿಕ ಇದೆ. ತಿನ್ನಲು ಬರುವ ಪ್ರಾಣಿಗಳನ್ನು ದೂರ ಇಡುವುದು ಇಂಥ ಕಹಿಗಳ ಕೆಲಸ. ಅದನ್ನು ಅರಗಿಸಿಕೊಳ್ಳುವ ದಾರಿಯನ್ನು ಕೆಲವು ಕೀಟಗಳು ಪೀಳಿಗೆಯಿಂದ ಪೀಳಿಗೆಗೆ ಕಂಡುಕೊಂಡಿವೆ. ಒಮ್ಮೆ ಆ ದಾರಿ ಹಿಡಿದರೆ ಲಾಭ ಇದೆ, ಊಟಕ್ಕೆ ಪೈಪೋಟಿ ಕಡಿಮೆ. ಆದರೆ ಬೇರೆ ಎಲೆಗಳನ್ನು ಅರಗಿಸುವ ಶಕ್ತಿ ಮೆಲ್ಲಗೆ ಕೈಬಿಡುತ್ತದೆ.

ತಾಯಿಯ ಪಾತ್ರವೂ ಇದೆ. ಹೆಣ್ಣು ಪತಂಗ ವಾಸನೆ ಹಿಡಿದು ಬಂದು, ಎಲೆ ಮುಟ್ಟಿ ನೋಡಿ ಮೊಟ್ಟೆ ಇಡುತ್ತದೆ. ಬೇರೆ ಗಿಡದ ಎಲೆಯನ್ನು ಅದು ಊಟ ಅಂತ ಗುರುತಿಸುವುದೇ ಇಲ್ಲ. ಹಾಗಾಗಿ ಗಿಡ ಹೋದರೆ ಪತಂಗಕ್ಕೆ ಎರಡನೇ ಆಯ್ಕೆ ಅಂತ ಇರುವುದಿಲ್ಲ.

ಬಾರ್ಬೆರಿ ಎಂಥ ಗಿಡ?

ಸುಮಾರು 3 ಮೀಟರ್ ಎತ್ತರಕ್ಕೆ ಬೆಳೆಯುವ ಮುಳ್ಳಿನ ಪೊದೆ. ಒಂದೊಂದು ಗಿಣ್ಣಿನಲ್ಲೂ ಮೂರು ಮುಳ್ಳು. ಮೇ ತಿಂಗಳ ಹೊತ್ತಿಗೆ ಗೊಂಚಲು ಗೊಂಚಲಾಗಿ ಹಳದಿ ಹೂ, ಆಮೇಲೆ ಕೆಂಪಗಿನ ಹುಳಿ ಹಣ್ಣು. ತೊಗಟೆ ಕೆರೆದರೆ ಒಳಗೆ ಅಚ್ಚ ಹಳದಿ. ನಮ್ಮ ಆಯುರ್ವೇದದ ದಾರುಹರಿದ್ರವೂ ಇದೇ ಬರ್ಬೆರಿಸ್ ಕುಲದ್ದು. ಹಿಂದೆ ಯುರೋಪಿನಲ್ಲಿ ಹಣ್ಣಿನಿಂದ ಜಾಮ್ ಮಾಡುತ್ತಿದ್ದರು, ತೊಗಟೆಯಿಂದ ಬಣ್ಣ ತೆಗೆಯುತ್ತಿದ್ದರು, ಮುಳ್ಳಿದೆಯಲ್ಲ ಅಂತ ಬೇಲಿಗೂ ಹಾಕುತ್ತಿದ್ದರು. ಇಂಗ್ಲೆಂಡ್‌ಗೆ ಇದು ಮೂಲದ ಗಿಡವೋ, ಹಳೇ ಕಾಲದಲ್ಲಿ ಜನ ತಂದದ್ದೋ ಎಂಬ ಚರ್ಚೆ ಇದೆ. ಪತಂಗ ಉಳಿಸುವ ಕೆಲಸಕ್ಕೆ ಆ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲ.

ಇಷ್ಟೊಳ್ಳೆ ಗಿಡವನ್ನು ಯಾಕೆ ಕಿತ್ತರು?

ಗೋಧಿ, ಬಾರ್ಲಿಯಂಥ ಬೆಳೆಗಳಿಗೆ ಬರುವ ಕಾಂಡದ ತುಕ್ಕು ರೋಗದಿಂದ. ಇದನ್ನು ತರುವ ಶಿಲೀಂಧ್ರದ ಹೆಸರು ಪಕ್ಸಿನಿಯಾ ಗ್ರಾಮಿನಿಸ್. ಇದರ ಬದುಕು ವಿಚಿತ್ರ. ಒಂದು ಹಂತ ಗೋಧಿಯ ಮೇಲೆ, ಇನ್ನೊಂದು ಹಂತ ಬಾರ್ಬೆರಿಯ ಮೇಲೆ. ಬೇಸಿಗೆಯಲ್ಲಿ ಗೋಧಿ ಕಾಂಡದ ಮೇಲೆ ತುಕ್ಕು ಬಣ್ಣದ ಪುಡಿ ಏಳುತ್ತದೆ. ಅದೇ ಪುಡಿ ಗಾಳಿಯಲ್ಲಿ ಹಾರಿ ಹೊಲದಿಂದ ಹೊಲಕ್ಕೆ ಹರಡುತ್ತದೆ. ಬೆಳೆ ಮಾಗುವ ಹೊತ್ತಿಗೆ ಕಪ್ಪು ಬೀಜಕಣಗಳಾಗುತ್ತವೆ. ಅವು ಕೂಳೆಯಲ್ಲಿ ಚಳಿಗಾಲ ಕಳೆಯುತ್ತವೆ. ವಸಂತದಲ್ಲಿ ಅಲ್ಲಿಂದ ಹೊರಟ ಕಣಗಳು ಗೋಧಿಗೆ ಹತ್ತುವುದಿಲ್ಲ. ಅವಕ್ಕೆ ಬಾರ್ಬೆರಿಯ ಎಳೆ ಎಲೆಯೇ ಬೇಕು. ಆ ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ಪುಟ್ಟ ಬಟ್ಟಲುಗಳು ಮೂಡುತ್ತವೆ. ಅಲ್ಲಿಂದ ಹಾರಿದ ಕಣ ಮತ್ತೆ ಗೋಧಿಗೆ.

ರೈತರಿಗೆ ಇದರ ಸುಳಿವು ವಿಜ್ಞಾನಕ್ಕಿಂತ ಬಹಳ ಮೊದಲೇ ಸಿಕ್ಕಿತ್ತು. ಬಾರ್ಬೆರಿ ಬೇಲಿ ಪಕ್ಕದ ಗೋಧಿ ಹಾಳಾಗುತ್ತದೆ ಅಂತ ಅವರು ಹೇಳುತ್ತಲೇ ಇದ್ದರು. ಸಸ್ಯಶಾಸ್ತ್ರ ಬಲ್ಲವರಲ್ಲಿ ಹಲವರು ಅದನ್ನು ಮೂಢನಂಬಿಕೆ ಅಂದರು. ಅಮೆರಿಕದ ಕನೆಕ್ಟಿಕಟ್‌ನಲ್ಲಿ 1726ರಲ್ಲೇ ಬಾರ್ಬೆರಿ ಕೀಳಲು ಕಾನೂನು ಬಂತು. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬಾರಿ ಈ ನಂಟನ್ನು ಪ್ರಯೋಗ ಮಾಡಿ ತೋರಿಸಿದ್ದು 1865ರಲ್ಲಿ. ಅಂದರೆ ಹೊಲದವರ ಮಾತು ಸಾಬೀತಾಗಲು ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು. ಡೆನ್ಮಾರ್ಕ್ 1903ರಲ್ಲಿ ಕಾನೂನು ಮಾಡಿತು. ಅಮೆರಿಕ 1918ರಲ್ಲಿ ದೊಡ್ಡ ಆಂದೋಲನವನ್ನೇ ಶುರು ಮಾಡಿ ಮುಂದಿನ ದಶಕಗಳಲ್ಲಿ ಹತ್ತಾರು ಕೋಟಿ ಪೊದೆಗಳನ್ನು ತೆಗೆಯಿತು. ಇಂಗ್ಲೆಂಡ್‌ನಲ್ಲೂ ರೈತರು ಬೇಲಿ ಬೇಲಿಗಳಿಂದ ಇದನ್ನು ಅಗೆದು ಹಾಕಿದರು. ಆಮೇಲೆ ಹೊಲ ದೊಡ್ಡದು ಮಾಡಲು ಬೇಲಿಗಳನ್ನೇ ತೆಗೆದರು. ಉಳಿದಿದ್ದ ಬಾರ್ಬೆರಿಯೂ ಅದರ ಜೊತೆ ಹೋಯಿತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣ ಇದೆ. ಪತಂಗ ಉಳಿಸಲು ಹೊರಟವರು ಕೆಲವೊಮ್ಮೆ ರೈತರನ್ನು ಅಜ್ಞಾನಿಗಳ ಹಾಗೆ ಚಿತ್ರಿಸುತ್ತಾರೆ. ಈ ಪ್ರಕರಣದಲ್ಲಿ ಅದು ಶುದ್ಧ ತಪ್ಪು.

ಹಾಗಾದರೆ ಈಗ ಮತ್ತೆ ಬಾರ್ಬೆರಿ ನೆಟ್ಟರೆ ಗೋಧಿಗೆ ಅಪಾಯ ಅಲ್ವಾ?

ನ್ಯಾಯವಾದ ಪ್ರಶ್ನೆ. "ಏನೂ ಆಗುವುದಿಲ್ಲ" ಅನ್ನುವವರನ್ನು ನಂಬಬೇಡಿ.

ಬ್ರಿಟನ್‌ನಲ್ಲಿ ಕಾಂಡದ ತುಕ್ಕಿನ ಕೊನೆಯ ದೊಡ್ಡ ಹಾವಳಿ ಆಗಿದ್ದು 1955ರಲ್ಲಿ. ಆಮೇಲೆ ರೋಗ ತಡೆಯುವ ತಳಿಗಳು ಬಂದವು, ಬೇಗ ಕೊಯ್ಲಿಗೆ ಬರುವ ತಳಿಗಳೂ ಬಂದವು. ಜನ ಈ ರೋಗವನ್ನು ಮರೆತೇಬಿಟ್ಟರು. ಆ ಮರೆವಿನ ಕಾಲದಲ್ಲೇ ಪತಂಗಕ್ಕಾಗಿ ಬಾರ್ಬೆರಿ ನೆಡುವ ಕೆಲಸ ಶುರುವಾಯಿತು. 2013ರಲ್ಲಿ ಸಫೋಕ್‌ನ ಒಂದು ಹೊಲದಲ್ಲಿ ಒಂದು ಗೋಧಿ ಗಿಡಕ್ಕೆ ಈ ರೋಗ ಮತ್ತೆ ಕಾಣಿಸಿತು. ನಾರಿಚ್‌ನ ಜಾನ್ ಇನ್ನೆಸ್ ಕೇಂದ್ರದ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು ಇದರ ಬಗ್ಗೆ 2018ರಲ್ಲಿ ವರದಿ ಪ್ರಕಟಿಸಿದರು. ಪರೀಕ್ಷೆಗೆ ಒಡ್ಡಿದ ಬ್ರಿಟಿಷ್ ಗೋಧಿ ತಳಿಗಳಲ್ಲಿ ಶೇ. 80ಕ್ಕೂ ಹೆಚ್ಚಿನವು ಆ ತುಕ್ಕಿಗೆ ಬಗ್ಗಿದವು. ಸಫೋಕ್‌ನಲ್ಲೇ ಬಾರ್ಲಿ ಹೊಲದ ಪಕ್ಕದ ಬಾರ್ಬೆರಿ ಎಲೆಗಳ ಮೇಲೂ ಕಾಂಡದ ತುಕ್ಕು ಸಿಕ್ಕಿತು.

ಬಾರ್ಬೆರಿ ಬರೀ ಸೋಂಕು ದಾಟಿಸುವ ಸೇತುವೆ ಆಗಿದ್ದರೆ ಚಿಂತೆ ಸ್ವಲ್ಪ ಕಡಿಮೆ ಇರುತ್ತಿತ್ತು. ಆದರೆ ಶಿಲೀಂಧ್ರದ ಗಂಡು ಹೆಣ್ಣು ಅಂಶಗಳು ಕೂಡುವುದು ಈ ಎಲೆಯ ಮೇಲೆಯೇ. ಅಲ್ಲಿ ಗುಣಗಳು ಬೆರೆತು ಹೊಸ ಬಗೆಯ ತುಕ್ಕು ಹುಟ್ಟಬಹುದು. ತಳಿ ಅಭಿವೃದ್ಧಿ ಮಾಡುವವರಿಗೆ ಇರುವ ಭಯ ಇದು.

ದಾರಿ ಏನೆಂದರೆ, ಎಲ್ಲಿ ನೆಡುತ್ತೇವೆ ಅನ್ನುವುದರಲ್ಲಿ ಕಟ್ಟುನಿಟ್ಟಾಗಿರುವುದು. ಬಾರ್ಬೆರಿ ಎಲೆಯಿಂದ ಹಾರುವ ಕಣ ಗೋಧಿಯಿಂದ ಗೋಧಿಗೆ ಹಾರುವ ಕಣದಷ್ಟು ದೂರ ಹೋಗುವುದಿಲ್ಲ. ಹಾಗಾಗಿ ಗೋಧಿ, ಬಾರ್ಲಿ ಬೆಳೆಯುವ ಹೊಲಗಳಿಂದ ದೂರ ನೆಡಬೇಕು. ಕಾಡಿನ ಅಂಚು, ಹುಲ್ಲುಗಾವಲಿನ ಬೇಲಿ, ಸಂರಕ್ಷಿತ ಜಾಗಗಳು ವಾಸಿ. ನೆಟ್ಟ ಮೇಲೆ ವಸಂತದಲ್ಲಿ ಎಲೆ ಮಗುಚಿ ನೋಡುವವರು ಬೇಕು. ಸುತ್ತಲಿನ ರೈತರಿಗೆ ಮೊದಲೇ ಹೇಳಬೇಕು. ಕದ್ದುಮುಚ್ಚಿ ನೆಟ್ಟ ಒಂದು ಪೊದೆ ಹತ್ತು ವರ್ಷದ ವಿಶ್ವಾಸವನ್ನು ಕೆಡಿಸುತ್ತದೆ.

ಈಗ ಎಷ್ಟು ಉಳಿದಿದೆ?

ಒಂದು ಕಾಲಕ್ಕೆ ದಕ್ಷಿಣ ಮತ್ತು ಪೂರ್ವ ಇಂಗ್ಲೆಂಡ್‌ನ ಹಲವು ಕಡೆ ಇತ್ತು. ಈಗ ಗೊತ್ತಿರುವ ನೆಲೆಗಳು ಹತ್ತು ಹನ್ನೆರಡರ ಆಸುಪಾಸು. ವಿಲ್ಟ್‌ಶೈರ್, ಗ್ಲಾಸ್ಟರ್‌ಶೈರ್ ಕಡೆ ಇರುವವು ಮುಖ್ಯ. ನೆಲೆ ಅಂದ ಕೂಡಲೇ ದೊಡ್ಡ ಕಾಡು ಅಂದುಕೊಳ್ಳಬೇಡಿ. ಎಷ್ಟೋ ಕಡೆ ಅದು ಒಂದು ಬೇಲಿಯ ಸಾಲು, ಅದರಲ್ಲಿ ಕೆಲವು ಪೊದೆಗಳು.

ಬಾರ್ಬೆರಿ ಇದ್ದೂ ಪತಂಗ ಇಲ್ಲದ ಜಾಗಗಳೂ ಇವೆಯಂತೆ?

ಇವೆ. ಈ ಪತಂಗ ದೂರ ಹಾರುವುದರಲ್ಲಿ ಜೋರಿಲ್ಲ. ಒಂಟಿ ಪೊದೆಯಲ್ಲಿರುವ ಸಣ್ಣ ಗುಂಪು ಒಂದು ಕೆಟ್ಟ ವರ್ಷಕ್ಕೆ ಮುಗಿದುಹೋಗುತ್ತದೆ. ಪಕ್ಕದಲ್ಲಿ ಇನ್ನೊಂದು ಗುಂಪು ಇದ್ದರೆ ಅಲ್ಲಿಂದ ಬಂದು ಮತ್ತೆ ನೆಲೆಸುತ್ತವೆ. ಇಲ್ಲದಿದ್ದರೆ ಪೊದೆ ಹಾಗೇ ಖಾಲಿ ನಿಲ್ಲುತ್ತದೆ. ಹಾಗಾಗಿ ಎಲ್ಲೋ ಒಂದೊಂದು ಗಿಡ ನೆಡುವುದಕ್ಕಿಂತ, ಈಗಿರುವ ನೆಲೆಯಿಂದ ಹೊರಟು ಹೆಜ್ಜೆ ಹೆಜ್ಜೆಗೂ ಒಂದು ಪೊದೆ ಸಿಗುವ ಹಾಗೆ ನೆಡುವುದು ಮೇಲು.

2017ರಿಂದ 2021ರವರೆಗೆ ಇಂಗ್ಲೆಂಡ್‌ನಲ್ಲಿ ಅಳಿವಿನ ಅಂಚಿನ ಜೀವಿಗಳಿಗಾಗಿ 'ಬ್ಯಾಕ್ ಫ್ರಮ್ ದಿ ಬ್ರಿಂಕ್' ಯೋಜನೆ ನಡೆಯಿತು. ಅದರಲ್ಲಿ ಈ ಪತಂಗಕ್ಕೂ ಒಂದು ಪಾಲು ಇತ್ತು. ಬಟರ್‌ಫ್ಲೈ ಕನ್ಸರ್ವೇಶನ್ ಸಂಸ್ಥೆ ಸ್ವಯಂಸೇವಕರು ಮತ್ತು ಜಮೀನಿನವರ ಜೊತೆ ಸೇರಿ ಬಾರ್ಬೆರಿ ನೆಡಿಸಿತು. ನನಗೆ ಅದರಲ್ಲಿ ಇಷ್ಟವಾದದ್ದು, ಪತಂಗದ ಹಿಂದೆ ಓಡುವ ಬದಲು ಮೊದಲು ಗಿಡದ ನಕ್ಷೆ ಕೈಗೆತ್ತಿಕೊಂಡದ್ದು.

ಗಿಡ ನೆಟ್ಟು ಬೇಲಿ ಹಾಗೇ ಬಿಟ್ಟರೆ ಸಾಕಾ?

ಸಾಲದು. ಹಲವು ನೆಲೆಗಳು ಕೈತಪ್ಪುವುದು ಬೇಲಿ ಕತ್ತರಿಸುವ ತಿಂಗಳಿನಿಂದ.

ಪತಂಗಕ್ಕೆ ವರ್ಷಕ್ಕೆ ಎರಡು ತಲೆಮಾರು. ಮೇ-ಜೂನ್‌ನಲ್ಲಿ ಮೊದಲ ಸಲ ಹಾರುತ್ತವೆ, ಆಗಸ್ಟ್ ಹೊತ್ತಿಗೆ ಎರಡನೇ ಸಲ. ಅಂದರೆ ಹುಳುಗಳು ಎಲೆಯ ಮೇಲೆ ಇರುವುದು ಬೇಸಿಗೆಯ ನಡುವೆ ಒಮ್ಮೆ, ಆಗಸ್ಟ್ ಕೊನೆ-ಸೆಪ್ಟೆಂಬರ್‌ನಲ್ಲಿ ಇನ್ನೊಮ್ಮೆ. ಆಮೇಲೆ ಕೆಳಗಿಳಿದು ಪೊದೆಯ ಬುಡದಲ್ಲಿ ಕೋಶ ಕಟ್ಟಿಕೊಂಡು ಚಳಿಗಾಲ ಕಳೆಯುತ್ತವೆ. ಈಗ ನೋಡಿ, ಇಂಗ್ಲೆಂಡ್‌ನಲ್ಲಿ ಟ್ರ್ಯಾಕ್ಟರ್‌ಗೆ ಕಟ್ಟಿದ ಯಂತ್ರದಿಂದ ಬೇಲಿ ಕತ್ತರಿಸುವ ಕೆಲಸ ಕೊಯ್ಲು ಮುಗಿದ ಕೂಡಲೇ ಶುರುವಾಗುತ್ತದೆ. ಎರಡನೇ ತಲೆಮಾರಿನ ಹುಳು ಎಲೆ ಮೇಲಿರುವುದೂ ಆಗಲೇ. ಎಲೆ, ಹುಳು ಎರಡೂ ಪುಡಿಪುಡಿ.

ಅದೇ ಕೆಲಸವನ್ನು ಚಳಿಗಾಲಕ್ಕೆ ಮುಂದೂಡಿದರೆ ಹುಳು ನೆಲ ಸೇರಿರುತ್ತದೆ. ಇಡೀ ಬೇಲಿಯನ್ನು ಒಂದೇ ವರ್ಷ ಕತ್ತರಿಸದೆ ಪಾಲು ಮಾಡಿ, ಈ ವರ್ಷ ಒಂದು ತುಂಡು, ಮುಂದಿನ ವರ್ಷ ಇನ್ನೊಂದು ತುಂಡು ಮಾಡಿದರೆ ಇನ್ನೂ ಒಳ್ಳೆಯದು. ಇದಕ್ಕೆ ಖರ್ಚು ಜಾಸ್ತಿ ಇಲ್ಲ. ಬೇಕಿರುವುದು ಯಂತ್ರ ಓಡಿಸುವವನಿಗೆ ಯಾವ ಪೊದೆ ಎಲ್ಲಿದೆ ಅಂತ ಗೊತ್ತಿರುವುದು. ಗುತ್ತಿಗೆಗೆ ಬಂದವನಿಗೆ ಬೇಲಿಯ ಗಿಡ ಎಲ್ಲಾ ಒಂದೇ. ಬಾರ್ಬೆರಿ ಪೊದೆಗೆ ಒಂದು ಗುರುತು ಕಟ್ಟಿದರೆ ಎಷ್ಟೋ ಆಯಿತು.

ಬುಡದ ನೆಲವನ್ನೂ ಮರೆಯಬಾರದು. ಬೇಲಿಗೆ ಒತ್ತಿ ಉಳುಮೆ ಮಾಡಿದರೆ, ಕಳೆನಾಶಕ ಬಿಟ್ಟರೆ, ತರಗೆಲೆ ಗುಡಿಸಿದರೆ ಕೋಶಗಳು ಹೋಗುತ್ತವೆ. ಇನ್ನು ಏನೂ ಕತ್ತರಿಸದೆ ಬಿಟ್ಟರೆ ಎತ್ತರದ ಮರಗಳು ಮೇಲೆದ್ದು ನೆರಳು ಹಾಕಿ ಬಾರ್ಬೆರಿಯನ್ನು ಸೊರಗಿಸುತ್ತವೆ. ಕೈ ಹಾಕಲೂ ಬೇಕು, ತಡೆಯಲೂ ಬೇಕು.

ಪತಂಗ ಇದೆಯೋ ಇಲ್ಲವೋ ಅಂತ ಹೇಗೆ ತಿಳಿಯುತ್ತದೆ?

ರಾತ್ರಿ ದೀಪ ಇಟ್ಟು ಪತಂಗ ಹಿಡಿಯುವ ಪದ್ಧತಿ ಇದೆ. ಸಂಖ್ಯೆ ಇಷ್ಟು ಕಡಿಮೆ ಇರುವಾಗ ಅದರಿಂದ ಜಾಸ್ತಿ ತಿಳಿಯುವುದಿಲ್ಲ. ಹುಳು ಹುಡುಕುವುದೇ ಸರಿ. ಕೊಂಬೆಯ ಕೆಳಗೆ ಬಿಳಿ ಬಟ್ಟೆಯ ತಟ್ಟೆ ಹಿಡಿದು, ಕೋಲಿನಿಂದ ಮೆಲ್ಲಗೆ ಬಡಿದು, ಬಿದ್ದದ್ದನ್ನು ಎಣಿಸಿ ವಾಪಸ್ ಕೊಂಬೆಗೆ ಬಿಡುತ್ತಾರೆ. ಪ್ರತಿ ವರ್ಷ ಅದೇ ತಿಂಗಳು, ಅದೇ ಪೊದೆಗಳು. ಒಂದು ವರ್ಷ ಹುಳು ಸಿಗಲಿಲ್ಲ ಅಂತ "ಅಳಿದೇಹೋಯಿತು" ಎಂದು ಬರೆಯಬಾರದು.

ಪ್ರಯೋಗಾಲಯದಲ್ಲಿ ಸಾಕಿ ಬಿಟ್ಟುಬಿಡಬಹುದಲ್ವಾ?

ಸಾಕುವುದು ಸಾಧ್ಯ. ಸಾಕಿದ್ದನ್ನು ಬಿಡಲು ಜಾಗ ಎಲ್ಲಿ? ಮೊದಲು ಜಾಗ ಹಾಳಾದ ಕಾರಣ ಸರಿಯಾಗದಿದ್ದರೆ ಬಿಟ್ಟವೂ ಅದೇ ದಾರಿ ಹಿಡಿಯುತ್ತವೆ. ಸಣ್ಣ ಗುಂಪಿನಲ್ಲಿ ತಲೆಮಾರುಗಟ್ಟಲೆ ಸಾಕಿದರೆ ಒಳಸಂಬಂಧದಿಂದ ತಳಿ ಕುಗ್ಗುವ ತೊಂದರೆಯೂ ಇದೆ. ಎಸೆಕ್ಸ್ ಎಮರಾಲ್ಡ್ ಎಂಬ ಹಸಿರು ಪತಂಗದ ಪಾಡು ನೆನಪಿಡಿ. ಕಡಲಂಚಿನ ಮಾಚಿಪತ್ರೆ ಜಾತಿಯ ಒಂದು ಗಿಡವನ್ನು ನೆಚ್ಚಿಕೊಂಡಿತ್ತು. ಬ್ರಿಟನ್‌ನ ಬಯಲಲ್ಲಿ ಅದು ಕೊನೆಯ ಸಲ ಕಂಡಿದ್ದು 1991ರಲ್ಲಿ. ಸಾಕಿ ಉಳಿಸುವ ಪ್ರಯತ್ನವೂ ಕೈಕೊಟ್ಟಿತು. ಸಾಕಣೆ ಕೊನೆ ಗಳಿಗೆಯ ಉಪಾಯ ಆಗಬಾರದು. ಗಿಡ ಬೆಳೆದು ನಿಂತ ಮೇಲೆ, ಪತಂಗ ತಾನಾಗಿ ತಲುಪಲಾರದ ಜಾಗಕ್ಕೆ ಒಯ್ಯಲು ಅದು ಚೆನ್ನಾಗಿ ಒದಗುತ್ತದೆ.

ತೋಟದಲ್ಲಿ ಅಲಂಕಾರದ ಬರ್ಬೆರಿಸ್ ಇದೆ. ಅದೂ ಆಗುತ್ತದಾ?

ಅದನ್ನು ನಂಬಿ ಕೂರಬೇಡಿ. ನರ್ಸರಿಯಲ್ಲಿ ಮಾರುವ ಕೆಂಪೆಲೆಯ ಬರ್ಬೆರಿಸ್ ಹೆಚ್ಚಾಗಿ ಏಷ್ಯಾದ ಜಾತಿಗಳು. ಪತಂಗಕ್ಕೆ ಬೇಕಾದದ್ದು ಸಾಮಾನ್ಯ ಬಾರ್ಬೆರಿ, ಬರ್ಬೆರಿಸ್ ವಲ್ಗಾರಿಸ್.

ಎಲೆ ತಿನ್ನುತ್ತಿರುವ ಹುಳು ಕಂಡಿತು. ಅದೇನಾ?

ಬಹುಶಃ ಅಲ್ಲ. ಬಿಳಿಚಿದ ಮೈ, ಮೇಲೆ ಕಪ್ಪು ಚುಕ್ಕಿ, ಹಳದಿ ಮಚ್ಚೆ ಇದ್ದರೆ ಅದು ಬರ್ಬೆರಿಸ್ ಸಾಫ್ಲೈ ಎಂಬ ಕೀಟದ ಮರಿ. ಕಣಜದ ಬಳಗಕ್ಕೆ ಸೇರಿದ್ದು, ಇತ್ತೀಚಿನ ದಶಕಗಳಲ್ಲಿ ಬ್ರಿಟನ್‌ಗೆ ಬಂದದ್ದು. ಪೊದೆಯನ್ನು ಬೋಳು ಮಾಡಿಬಿಡುತ್ತದೆ. ಸುಲಭದ ಗುರುತು ಕಾಲು. ಪತಂಗದ ಹುಳುವಿಗೆ ಮುಂದೆ ಮೂರು ಜೊತೆ ಕಾಲಿದ್ದರೆ ಹಿಂಭಾಗದಲ್ಲಿ ಎರಡೇ ಜೊತೆ ಮೆದುಗಾಲು. ಸಾಫ್ಲೈ ಮರಿಗೆ ಹೊಟ್ಟೆಯುದ್ದಕ್ಕೂ ಸಾಲು ಸಾಲು. ಗುರುತು ಗಟ್ಟಿಯಾಗುವವರೆಗೆ ಕೀಟನಾಶಕದ ಡಬ್ಬಿ ಮುಟ್ಟಬೇಡಿ.

ಕಾನೂನು ಏನು ಹೇಳುತ್ತದೆ?

ಬ್ರಿಟನ್‌ನ 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ 5ನೇ ಅನುಸೂಚಿಯಲ್ಲಿ ಈ ಪತಂಗದ ಹೆಸರಿದೆ. ಬೇಕೆಂದೇ ಕೊಲ್ಲುವುದು, ಹಿಡಿಯುವುದು, ಅದು ಆಸರೆ ಪಡೆದ ಜಾಗ ಹಾಳು ಮಾಡುವುದು ಅಪರಾಧ. ಸಮೀಕ್ಷೆಗಾಗಿ ಮುಟ್ಟಬೇಕಾದರೂ ನ್ಯಾಚುರಲ್ ಇಂಗ್ಲೆಂಡ್ ಎಂಬ ಸರ್ಕಾರಿ ಸಂಸ್ಥೆಯಿಂದ ಪರವಾನಗಿ ಬೇಕು. ಆದರೆ ಪತಂಗ ಇನ್ನೂ ತಲುಪದ ಖಾಲಿ ಪೊದೆಗೆ ಈ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ. ನಾಳೆಗೆ ಬೇಕಾಗಿರುವುದು ಆ ಪೊದೆಯೇ. ಅಲ್ಲಿ ಜಮೀನಿನವರ ಮನಸ್ಸೇ ಕಾನೂನು.

ಯುರೋಪಿನ ಬೇರೆ ದೇಶಗಳಲ್ಲಿ ಇದೆಯಲ್ಲ, ಇಂಗ್ಲೆಂಡ್‌ನಲ್ಲಿ ಯಾಕೆ ಒದ್ದಾಡಬೇಕು? ಇದರಿಂದ ಉಪಯೋಗವಾದರೂ ಏನು?

ಯುರೋಪ್ ಖಂಡದ ಬೇರೆ ದೇಶಗಳಲ್ಲಿ ಇದೆ, ನಿಜ. ಉಪಯೋಗದ ಲೆಕ್ಕ ಹಾಕಿದರೆ ಪತಂಗದ ಪರ ವಾದ ಮಾಡುವವರು ಸೋಲುತ್ತಾರೆ. ಹಕ್ಕಿಗೆ ಆಹಾರ, ಪರಾಗಸ್ಪರ್ಶಕ್ಕೆ ನೆರವು ಅಂತೆಲ್ಲಾ ಹೇಳಬಹುದು. ಇಷ್ಟು ಕಡಿಮೆ ಸಂಖ್ಯೆಯಲ್ಲಿರುವಾಗ ಅದೆಲ್ಲ ಸುಮ್ನೆ ಮಾತು. ಬಾರ್ಬೆರಿ ಗಿಡದಿಂದ ಮಾತ್ರ ಲಾಭ ಇದೆ: ಹೂವಿಗೆ ಜೇನ್ನೊಣ ಬರುತ್ತವೆ, ಹಣ್ಣು ಹಕ್ಕಿಗೆ. ನನ್ನ ಉತ್ತರ ಇಷ್ಟೇ: ಇದು ಮನುಷ್ಯರ ಕೈಯಿಂದ ಕಡಿಮೆಯಾದದ್ದು, ಉಳಿಸುವ ದಾರಿ ಗೊತ್ತಿದೆ, ಆ ದಾರಿ ದುಬಾರಿಯೂ ಅಲ್ಲ. ಒಪ್ಪದವರ ಜೊತೆ ಜಗಳ ಇಲ್ಲ.

ಇಂಥದೇ ಬೇರೆ ಪತಂಗ ಇದೆಯಾ?

ಫಿಶರ್ಸ್ ಎಸ್ಚುರೈನ್ ಮಾತ್ ಅಂತ ಒಂದಿದೆ. ಬ್ರಿಟನ್‌ನಲ್ಲಿ ಮೊದಲ ಸಲ ಕಂಡದ್ದು 1968ರಲ್ಲಿ, ಎಸೆಕ್ಸ್‌ನಲ್ಲಿ. ಅದು ಹಾಗ್ಸ್ ಫೆನೆಲ್ ಎಂಬ ಕಡಲಂಚಿನ ಗಿಡವನ್ನು ನೆಚ್ಚಿಕೊಂಡಿದೆ. ಹುಳು ಕಾಂಡ ಕೊರೆದು ಬೇರಿಗೆ ಇಳಿಯುತ್ತದೆ. ಅಲ್ಲಿ ಎದುರಾಳಿ ರೈತ ಅಲ್ಲ, ಏರುತ್ತಿರುವ ಸಮುದ್ರ. ತಗ್ಗಿನ ಗಿಡಗಳು ಮುಳುಗುವ ಮೊದಲೇ ಎತ್ತರದ ಜಾಗದಲ್ಲಿ ಗಿಡ ಬೆಳೆಸಿ, ಕೋಲ್ಚೆಸ್ಟರ್ ಝೂನಲ್ಲಿ ಸಾಕಿದ ಪತಂಗಗಳನ್ನು ಅಲ್ಲಿಗೆ ಬಿಟ್ಟರು. ಆ ಪತಂಗ ಮೊಟ್ಟೆ ಇಡುವುದು ಗಿಡದ ಮೇಲಲ್ಲ, ಪಕ್ಕದ ಉದ್ದನೆಯ ಹುಲ್ಲಿನ ಮೇಲೆ. ಚೊಕ್ಕಟ ಮಾಡಲು ಹೋಗಿ ಹುಲ್ಲು ಸವರಿದರೆ ಗಿಡ ಇದ್ದೂ ಪ್ರಯೋಜನವಿಲ್ಲ. ಒಂದೇ ಗಿಡ ನೆಚ್ಚಿದ ಪತಂಗ ಅಂದಾಗಲೂ ಗಿಡ ಒಂದನ್ನೇ ನೋಡಿದರೆ ಸಾಲದು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ.

ಬೀಜದಿಂದ ಬಾರ್ಬೆರಿ ಬೆಳೆಸಬಹುದಾ?

ಬೆಳೆಸಬಹುದು. ಹಣ್ಣಿನ ತಿರುಳು ತೊಳೆದು ತೆಗೆದು, ಬೀಜಕ್ಕೆ ಒಂದು ಚಳಿಗಾಲದ ತಂಪು ಸಿಗಬೇಕು. ಆಗ ಮೊಳಕೆ ಬರುತ್ತದೆ. ಹತ್ತಿರದ ಪೊದೆಯಿಂದಲೇ ಬೀಜ ತನ್ನಿ. ಅಲಂಕಾರದ ಜಾತಿಗಳ ಜೊತೆ ಬೆರಕೆ ಆಗಿರಬಹುದಾದ ಗಿಡದಿಂದ ಬೇಡ. ಎಳೆ ಗಿಡವನ್ನು ಮೊಲ, ಜಿಂಕೆಗಳಿಂದ ಕಾಯಬೇಕು. ಹುಳುಗಳಿಗೆ ಊಟ ಹಾಕುವಷ್ಟು ಪೊದೆಯಾಗಲು ಕೆಲವು ವರ್ಷ ಬೇಕು. ನೆಡುವ ಮೊದಲು ಸುತ್ತಮುತ್ತ ಯಾರು ಗೋಧಿ, ಬಾರ್ಲಿ ಹಾಕುತ್ತಾರೆ ಅಂತ ವಿಚಾರಿಸಿ. ಹಾಕುವವರಿದ್ದರೆ ಬೇರೆ ಜಾಗ ನೋಡಿ.